ಎಡಗೈ ಗಂಟು

ಅಲ್ ವಕ್ರಾದ ಈ ಮನಿಯಾಗ
ಸಮುದ್ರದ ಕಡೆ ಕಿಟಕಿ ಐತಿ, ಪರದೆ ಸರಿಸೂ ಹಾಂಗಿಲ್ಲ.
ಬೆಳಕು ರೇಶಿಮಿ ತಿಂತೈತಿ.
ಕೈಗವಸು ಹಾಕ್ಕೊಂಡು, ಉಸಿರು ಸಣ್ಣ ಮಾಡಿ
ತೊಡಿ ಮ್ಯಾಲೆ ಇಟಗೊಂಡೇನಿ
ನಾನೂರು ವರ್ಷದ ಹಿಂದಿನ
ಒಂದು ತಲಿಯ ಜಾಗ.

ಅರವತ್ತೆರಡು ತಗಡು. ಎಣಿಸೇನಿ, ಎರಡು ಸಲ.
ಒಂದರ ಅಂಚು ಇನ್ನೊಂದರ ಮ್ಯಾಲೆ ಏರಿ
ಕುಂಬಳಕಾಯಿ ಹೋಳಿನ್ಹಾಂಗ ನೆತ್ತಿಗೆ ಹೋಗಿ ಕೂಡ್ತಾವ.
ಅಲ್ಲಿ ಮಾತ್ರ ಮುಚ್ಚಿಲ್ಲ:
ಹಿತ್ತಾಳಿ ಸೇವಂತಿಗಿ, ನಡಬರಕ ಒಂದು ತೂತು.
"ಯುದ್ಧದ ದೇವರು ಇಳಿಯೂ ಬಾಗಿಲು"
ಅಂದಳು ರೋವೆನಾ, ಫೋಟೋ ತಗೀತ.
ಕಾವಲಿನ ಇದ್ರಿಸ್ ನಕ್ಕ: "ಬೆವರು ಹೋಗೂ ಬಾಗಿಲು."
ಎರಡೂ ಖರೆ ಇರಬೇಕು.

ಹಣಿ ಮ್ಯಾಲೆ ಬಂಗಾರದ ನೀರು ಕುಡದ ಏರೋಪ್ಲೇನ್ ಚಿಟ್ಟಿ,
ಒಂದು ರೆಕ್ಕಿ ಮುರದೈತಿ.
ಅದು ಹಿಂದಕ್ಕ ಹಾರೂದಿಲ್ಲಂತ, ಅದಕ್ಕ
ಕಾಳಗಕ್ಕ ಹೊಂಟಾವ ಹಣಿಗೆ ಏರಿಸ್ಕೊಂಡ.
ನಾ ಬಂದ ಏರೋಪ್ಲೇನು ಎರಡು ವರ್ಷಕ್ಕೊಮ್ಮೆ
ಹಿಂದಕ್ಕ ಹಾರತೈತಿ, ಮೂವತ್ತು ಕಿಲೋ ಸಾಮಾನು ಹೊತ್ತು.
ನನಗ ಯಾರೂ ವೀರಳು ಅನ್ನೂದಿಲ್ಲ. ಬ್ಯಾಡ.

ನನ್ನ ಕೆಲಸ ಕಬ್ಬಿಣದ್ದಲ್ಲ, ಕುತ್ತಿಗಿದು.
ಐದು ಸಾಲು ಪಟ್ಟಿ, ಮರದ ಹಾಲು ಬಳದ ಕರೀ ಮಿಂಚು,
ನೀಲಿ ರೇಶಿಮಿ ದಾರದಾಗ ಒಂದಕ್ಕೊಂದು ಜೋತಬಿದ್ದಾವ.
ಬಿಗದ್ರ ಕುತ್ತಿಗಿ ಒಪ್ಪೂದಿಲ್ಲ,
ಸಡಲ ಬಿಟ್ರ ಕತ್ತಿ ಬಿಡೂದಿಲ್ಲ.
ಇಲಕಲ್ಲಿನಾಗ ಅವ್ವ
ಒಡಲಿನ ಎಳಿಗೆ ಸೆರಗಿನ ಎಳಿ ಸಿಗಿಸಿ
ತೋಪತೆನಿ ಹಾಕೂವಾಗ ಅಂತಿದ್ದಳು:
"ಜೋಡಣಿ ಕಾಣಬಾರದು,
ಜಗ್ಗಿದ್ರ ಮಾತ್ರ ಮಾತಾಡಬೇಕು."

ಹಳೇ ದಾರ ಬಿಚ್ಚಾಕ ಹದಿನೇಳು ದಿನ.
ಧೂಪದ ವಾಸನಿ ಇರತೈತಿ ಅಂದಿದ್ರು.
ಕಡದ ತಲಿ ವೈರಿ ಕೈಯಾಗ ನಾರಬಾರದಂತ
ಹೊಂಡೂ ಮುಂಚೆ ಒಳಗ ಧೂಪ ಹಾಕತಿದ್ರಂತ ಕೆಲವರು.
ಎಂಥಾ ಮುಂದಾಲೋಚನಿ!
ನನಗ ಬಂದದ್ದು ಬರೇ ಹಳೇ ಪೆಟಗಿ ವಾಸನಿ,
ಒಳಗಿನ ಅರಿವಿ ಮ್ಯಾಲೆ ಒಂದು ಕಂದು ಕಲಿ,
ಹಣಿ ಅಗಲದ್ದು.

ಮೂರನೇ ಸಾಲಿನಾಗ, ಎಡಕಿವಿ ಹಿಂದ
ಒಂದು ಗಂಟು ಉಲ್ಟಾ ಬಿದ್ದಿತ್ತು.
ಉಳದದ್ದೆಲ್ಲಾ ಬಲಕ್ಕ ಹೊಳ್ಳಿ ಮಲಗಿದ್ರ
ಇದೊಂದು ಎಡಕ್ಕ.
ತಪ್ಪಲ್ಲ ಅದು, ನನಗ ಗೊತ್ತು.
ಅಂಥಾ ಗಂಟಿಗೇ ಅಪ್ಪ ನನ್ನ ಎಡಗೈ ಮ್ಯಾಲೆ
ಲಾಳಿಲೆ ಹೊಡೀತಿದ್ದ.
ಬೆಳಕು ಇಳದ ಮ್ಯಾಲೆ, ಮೇಸ್ತ್ರಿ ಎದ್ದು ಹೋದ ಮ್ಯಾಲೆ
ಯಾರೋ ಒಂದ ಒಂದು ಗಂಟು
ತಮ್ಮ ಕೈ ಹೇಳಿದ್ಹಾಂಗ ಹಾಕ್ಯಾರ.

ಮಾಲಕರು ಅಂದ್ರು, ಎಲ್ಲಾ ಹೊಸಾದು ಮಾಡು.
ಜಪಾನಿನ ಪಂಡಿತರು ಫೋನಿನ ಪರದೆಯಾಗ
ಕನ್ನಡಕ ಏರಿಸಿ, ಬಗ್ಗಿ ನೋಡಿ
ಭಾಳ ಹೊತ್ತು ಏನೂ ಅನಲಿಲ್ಲ.
ಆಮ್ಯಾಲೆ ಸಣ್ಣಗೆ ತಲಿ ಬಗ್ಗಿಸಿದ್ರು,
ನನಗೋ, ಗಂಟಿಗೋ.
ಬಿಟ್ಟೆ ಅದನ್ನ. ಸುತ್ತ ಹೊಸ ನೀಲಿ,
ನಡುವ ಒಂದು ಮಾಸಿದ ಹಟ.

ಮಧ್ಯಾಹ್ನ ಹೊರಗ ಬಂದ್ರ ಬಿಸಿಲು ಒಂದು ಗ್ವಾಡಿ.
ಎದರಿನ ಕಟ್ಟಡದ ಕೆಲಸ ನಿಂತೈತಿ, ಮೂರೂವರಿ ತನಕ.
ನೆರಳು ಎಷ್ಟೈತೋ ಅಷ್ಟರಾಗ ಮಂದಿ ಮಲಗ್ಯಾರ,
ಬಾಜೂಕ ಹಳದಿ ಹೆಲ್ಮೆಟ್ಟು ಅಂಗಾತ.
ಒಳಗ ಮಾರ್ಕರಿನ ಹೆಸರು, ಬೆವರಿಗೆ ಅರ್ಧ ಅಳಿಸಿದ್ದು:
ತಿಲಕ್, ಸುನ್ಸರಿ. ಇನ್ನೊಂದು ಬಂಗಾಳಿ, ಓದಾಕ ಬರಲಿಲ್ಲ.
ಆ ಕಂಬಾರನೂ ಹೆಸರು ಕೊರದದ್ದು ಒಳಗ,
ಹಾಕ್ಕೊಂಡಾವಗೂ ಕಾಣದ ಕಡೆ.

ಒಬ್ಬಾಂವ ಎದ್ದು, ಹೆಲ್ಮೆಟ್ಟಿನಾಗ ನೀರು ಹಿಡದು
ಮಾರಿ ತೊಳಕೊಂಡ. ತೂತಿನಿಂದ ಅರ್ಧ ಸೋರಿತು.
ಗದ್ದದ ಪಟ್ಟಿ ಹರದಿತ್ತು,
ಲುಂಗಿ ಅಂಚಿನ ದಾರ ಕಟ್ಟಿಕೊಂಡಿದ್ದ.
ಗಂಟು ಯಾವ ಕಡೆಗೆ ಹೊಳ್ಳೈತಿ ಅಂತ ನೋಡೂದ್ರಾಗ
ನನ್ನ ಬಸ್ಸು ಬಂತು.